ಹತ್ತು ಗಂಟೆ ಐವತ್ತು ನಿಮಿಷ ಎಲ್ಲಿ ಹೋಯಿತು? ಸರ್ಜಾಪುರ ಕಡೆಯ ಒಂದು ಹಾವು ಕಡಿತದ ಪ್ರಕರಣ

ಐಸಿಯು ಹೊರಗಿನ ಬೆಂಚಿನ ಮೇಲೆ ಕೂತಿದ್ದಾಗ ಬಂದವರೆಲ್ಲ ಒಂದೇ ಮಾತು ಹೇಳಿ ಹೋದರು. "ನಾಟಿ ವೈದ್ಯನ ಹತ್ರ ಕರ್ಕೊಂಡು ಹೋಗಿ ಹೊತ್ತು ಕಳೆದ್ರು, ಇಲ್ಲಾಂದ್ರೆ ಈ ಗತಿ ಬರ್ತಿರಲಿಲ್ಲ." ಸೆಕ್ಯೂರಿಟಿಯವರು ಹೇಳಿದರು, ಮೇಸ್ತ್ರಿ ಹೇಳಿದ, ಪಕ್ಕದ ಬೆಡ್‌ನ ಕಡೆಯವರೂ ಹೇಳಿದರು. ನಾನೂ ಆ ದಿನ ಹಾಗೇ ಅಂದುಕೊಂಡಿದ್ದೆ. ಮೂರನೇ ದಿನ ಒಂದು ನೋಟ್‌ಬುಕ್ ಹಿಡಿದು ಗಂಟೆ ಗಂಟೆಯ ಲೆಕ್ಕ ಬರೆದೆ. ಬರೆದ ಮೇಲೆ ಆ ಮಾತು ಮತ್ತೆ ನನ್ನ ಬಾಯಿಗೆ ಬರಲಿಲ್ಲ. ಆ ಲೆಕ್ಕವನ್ನೇ ಇಲ್ಲಿ ಪೂರ್ತಿ ಹಾಕುತ್ತಿದ್ದೇನೆ.

ನಾನು ಸರ್ಜಾಪುರ, ದೊಮ್ಮಸಂದ್ರ ಸುತ್ತಮುತ್ತ ಕಟ್ಟಡ ಕೆಲಸಗಾರರ ತಗಡಿನ ಶೆಡ್‌ಗಳಿಗೆ ಹೋಗಿ ಆರೋಗ್ಯದ ಕೆಲಸ ಮಾಡುತ್ತೇನೆ. ಬಿ.ಪಿ. ನೋಡೋದು, ಬಸುರಿಯರಿಗೆ ತಾಯಿ ಕಾರ್ಡ್ ಮಾಡಿಸೋದು, ಮಕ್ಕಳ ಚುಚ್ಚುಮದ್ದಿನ ದಿನ ನೆನಪಿಸೋದು, ಇಂಥ ಕೆಲಸ. ಈ ಪ್ರಕರಣದ ಗಂಡ ಹೆಂಡತಿ ಇಬ್ಬರನ್ನೂ ಕೇಳಿಯೇ ಬರೆಯುತ್ತಿದ್ದೇನೆ. ಹೆಸರು ಬೇಡ ಅಂದರು, ಹಾಕಿಲ್ಲ. ಸಮಯಗಳನ್ನು ಅವರ ಫೋನಿನ ಕರೆ ಪಟ್ಟಿ, ಕ್ಲಿನಿಕ್‌ನ ಚೀಟಿ, ಆಸ್ಪತ್ರೆಯ ಕೇಸ್ ಶೀಟ್ ಮೂರನ್ನೂ ಪಕ್ಕದಲ್ಲಿ ಇಟ್ಟುಕೊಂಡು ತಾಳೆ ನೋಡಿದ್ದೇನೆ.

ಬೆಂಗಳೂರು ಅಂದರೆ ಆಸ್ಪತ್ರೆಗಳ ಊರು, ಅಲ್ವಾ? ಹಳ್ಳಿಯ ಆರೋಗ್ಯದ ಕಷ್ಟ ಅಂದರೆ ಎಲ್ಲೋ ದೂರದ್ದು ಅನ್ನೋ ಭಾವನೆ ನಮಗೆ. ಆದರೆ ಆನೇಕಲ್ ತಾಲ್ಲೂಕಿನ ಈ ಅಂಚಿನಲ್ಲಿ ಇಪ್ಪತ್ತು ಮಹಡಿಯ ಅಪಾರ್ಟ್‌ಮೆಂಟ್‌ನ ಕಾಂಪೌಂಡಿಗೆ ಒರಗಿಕೊಂಡೇ ಶೆಡ್‌ಗಳಿವೆ. ಅವುಗಳ ಹಿಂದೆ ಹಳೇ ಕೆರೆ, ಹೊಂಗೆ ತೋಪು, ಪೊದೆ. ನಿಯಮದ ಪ್ರಕಾರ ಬಯಲು ಸೀಮೆಯಲ್ಲಿ 30,000 ಜನಕ್ಕೆ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರ ಇರಬೇಕು. ಆದರೆ ಆರು ತಿಂಗಳಿಗೊಮ್ಮೆ ಸೈಟ್ ಬದಲಾಯಿಸೋ ಶೆಡ್‌ನವರನ್ನು ಆ ತಲೆ ಲೆಕ್ಕದಲ್ಲಿ ಹಿಡಿಯೋರು ಯಾರು? ಇಲ್ಲಿನ ಆಶಾ ಕಾರ್ಯಕರ್ತೆಯ ಮನೆ ಪಟ್ಟಿಯಲ್ಲಿ ಈ ಶೆಡ್‌ಗಳಿಲ್ಲ. ಆಕೆಗೆ ಮನಸ್ಸಿಲ್ಲ ಅಂತ ಅಲ್ಲ. ಊರಿನ ಮನೆಗಳೇ ಆಕೆಗೆ ಜಾಸ್ತಿ ಆಗಿವೆ.

ಆ ರಾತ್ರಿ

ಹೆಂಗಸಿಗೆ 26 ವರ್ಷ. ಊರು ಯಾದಗಿರಿ ಜಿಲ್ಲೆ. ಗಂಡ ಸೆಂಟ್ರಿಂಗ್ ಕೆಲಸ, ಈಕೆ ಕಲ್ಲು ಮಣ್ಣು ಹೊರುವ ಕೆಲಸ. ನಾಲ್ಕು ವರ್ಷದ ಮಗ ಇದ್ದಾನೆ. ಹೋದ ವರ್ಷ ಆಗಸ್ಟ್, ಮೂರು ದಿನ ಬಿಟ್ಟೂ ಬಿಡದೆ ಮಳೆ. ಶೆಡ್ ಒಳಗೆ ಮಂಚ ಇಲ್ಲ. ಸಿಮೆಂಟ್ ಚೀಲ ಹಾಸಿ ಅದರ ಮೇಲೆ ಕೌದಿ. ಮಗ ಗೋಡೆ ಕಡೆ, ಈಕೆ ನಡುವೆ, ಗಂಡ ಬಾಗಿಲ ಕಡೆ. ರಾತ್ರಿ ಎರಡರ ಹೊತ್ತಿಗೆ ಎಡ ಮೊಣಕೈ ಹಿಂದೆ ಇರುವೆ ಕಚ್ಚಿದ ಹಾಗಾಯಿತು. ಮೊಬೈಲ್ ಬೆಳಕಲ್ಲಿ ಟೈಮ್ ನೋಡಿದಳು, ಕೈ ಒರೆಸಿಕೊಂಡಳು, ಮಲಗಿದಳು. ನೋವಿಲ್ಲ, ಊತ ಇಲ್ಲ.

ನಾಲ್ಕೂವರೆಗೆ ಹೊಟ್ಟೆ ಹಿಂಡೋಕೆ ಶುರುವಾಯಿತು. "ಯಾಕೋ ಹೊಟ್ಟಿ ಭಾಳ ನೋಯ್ಲಿಕತ್ತದ" ಅಂತ ಗಂಡನನ್ನು ಎಬ್ಬಿಸಿದಳು. ಎರಡು ಸಲ ವಾಂತಿ. ರಾತ್ರಿ ಉಳಿದ ಬ್ಯಾಳಿ ಉಂಡಿದ್ದಳು, ಅದೇ ಇರಬೇಕು ಅಂದುಕೊಂಡರು. ಅಜವಾನ ಅಗಿಯೋಕೆ ಕೊಟ್ಟರು. ಪಕ್ಕದ ಶೆಡ್‌ನ ಅವ್ವ ಉಪ್ಪು ಮೆಣಸಿನಕಾಯಿ ನಿವಾಳಿಸಿ ದೃಷ್ಟಿ ತೆಗೆದಳು. ಯಾರನ್ನೂ ದೂರೋ ಹಾಗಿಲ್ಲ. ಬೆಳಗಿನ ಜಾವ ಹೊಟ್ಟೆನೋವು ಅಂದರೆ ನಮ್ಮ ಮನೆಯಲ್ಲೂ ನಾವು ಇದನ್ನೇ ಮಾಡುತ್ತೇವೆ.

ಏಳಕ್ಕೆ ಮೇನ್ ರೋಡಿನ ಒಂದು ಖಾಸಗಿ ಕ್ಲಿನಿಕ್. ಗ್ಯಾಸ್ ಅಂದರು, ಇಂಜೆಕ್ಷನ್ ಕೊಟ್ಟರು, ಗ್ಲೂಕೋಸ್ ಹಾಕಿ ಮಲಗಿಸಿದರು. 450 ರೂಪಾಯಿ. ಡ್ರಿಪ್ ನಡೆಯುತ್ತಿದ್ದಾಗಲೇ ಆಕೆ ಗಂಡನಿಗೆ ಹೇಳಿದ್ದಾಳೆ, "ಕಣ್ಣು ತೆರಿಲಿಕ್ಕ ಆಗವಲ್ದು." ಅವನು ಹೋಗಿ ಅದನ್ನು ಹೇಳಿದ. ರಾತ್ರಿ ನಿದ್ದೆ ಇಲ್ಲವಲ್ಲ, ಅದಕ್ಕೆ ಅಂದರು. ಒಂಬತ್ತೂ ಕಾಲಿಗೆ ಮನೆಗೆ ಕಳಿಸಿದರು. ಕಣ್ಣಿನ ರೆಪ್ಪೆ ಎತ್ತಿ ನೋಡಿದ್ದರೆ, ಎಲ್ಲಿ ಮಲಗಿದ್ದೆ ತಾಯಿ ಅಂತ ಒಂದು ಪ್ರಶ್ನೆ ಕೇಳಿದ್ದರೆ ಸಾಕಿತ್ತು. ನನಗೆ ಇವತ್ತಿಗೂ ಅತಿ ಹೆಚ್ಚು ನೋವಾಗೋದು ಈ ಎರಡು ಕಾಲು ಗಂಟೆಯ ಬಗ್ಗೆ. ಯಾಕೆಂದರೆ ಆ ಹೊತ್ತಿನಲ್ಲಿ ಲಕ್ಷಣ ಕಣ್ಣಿಗೆ ಕಾಣುವಂತೆ ಬಂದಾಗಿತ್ತು, ರೋಗಿ ಬಾಯಿಬಿಟ್ಟು ಹೇಳಿಯೂ ಆಗಿತ್ತು.

ಶೆಡ್‌ಗೆ ವಾಪಸ್ ಬಂದಾಗ ಆಕೆಯ ಮಾತು ತೊದಲುತ್ತಿತ್ತು. ನೀರು ಕುಡಿಸಿದರೆ ಮೂಗಿನಲ್ಲಿ ಬಂತು. ಆಗ ಯಾರೋ ಹೇಳಿದರು, ಮುತ್ಯಾನ ಹತ್ರ ಹೋಗ್ರಿ.

ತಾತ

ಶೆಡ್‌ನವರಿಗೆ ಮುತ್ಯಾ, ಊರಿನವರಿಗೆ ಮದ್ದಿನ ತಾತ. ಎಪ್ಪತ್ತು ದಾಟಿದೆ. ಊರನ್ನು ಲೇಔಟ್‌ಗಳು ನುಂಗಿವೆ, ಆದರೂ ಅವರ ಹೆಂಚಿನ ಮನೆ, ಮುಂದಿನ ನುಗ್ಗೆ ಮರ ಹಾಗೇ ಇವೆ. ಕಾಮಾಲೆಗೆ ಸೊಪ್ಪಿನ ರಸ, ಉಳುಕಿಗೆ ಪಟ್ಟು, ಸರ್ಪಸುತ್ತಿಗೆ ಜಾಜು ಬರೆಯೋದು. ದುಡ್ಡು ಕೇಳಲ್ಲ. ಎಲೆ ಅಡಿಕೆ ಮೇಲೆ ಹನ್ನೊಂದು ರೂಪಾಯಿ ಇಟ್ಟರೆ ಆಯಿತು. ರಾತ್ರಿ ಹನ್ನೆರಡಕ್ಕೆ ಬಾಗಿಲು ಬಡಿದರೂ ಏಳುತ್ತಾರೆ. ಜನ ಯಾಕೆ ಹೋಗ್ತಾರೆ ಅಂತ ಕೇಳುವವರು ಇದನ್ನು ಮೊದಲು ಗಮನಿಸಬೇಕು. ಬಾಗಿಲು ತೆರೆದಿರುತ್ತೆ, ಮಾತು ಅರ್ಥವಾಗುತ್ತೆ, ಯಾರೂ ಗದರಲ್ಲ.

ಹತ್ತು ಗಂಟೆಗೆ ಆಕೆಯನ್ನು ಅವರ ಜಗಲಿ ಮೇಲೆ ಕೂರಿಸಿದರು. ಕತ್ತು ನಿಲ್ಲುತ್ತಿರಲಿಲ್ಲ. ತಾತ ಗಲ್ಲ ಹಿಡಿದು ಮುಖ ಎತ್ತಿ, ಬೆರಳು ತೋರಿಸಿ, ನೋಡವ್ವಾ ಅಂದರು. ರೆಪ್ಪೆ ಮೇಲೇಳಲಿಲ್ಲ. ನಾಲಿಗೆ ಚಾಚು ಅಂದರು, ಹಲ್ಲು ದಾಟಲಿಲ್ಲ. ಎಲ್ಲಿ ಮಲಗಿದ್ರಿ ಅಂತ ಕೇಳಿದರು. ನೆಲದ ಮೇಲೆ ಅಂದ ಗಂಡ. ಅಷ್ಟೇ.

"ಹುಳ ಮುಟ್ಟೈತೆ ಕಣಪ್ಪಾ. ಇದು ನನ್ನ ಕೈ ಮೀರಿದ್ದು. ದೊಡ್ಡಾಸ್ಪತ್ರೆಗೆ ಎತ್ಕೊಂಡು ಓಡು. ಬಾಯಿಗೆ ಒಂದು ತೊಟ್ಟು ನೀರೂ ಹಾಕ್ಬೇಡ."

ನಮ್ಮ ಹಳ್ಳಿಗಳಲ್ಲಿ ಹಾವು ಕಚ್ಚಿತು ಅನ್ನಲ್ಲ, ಹುಳ ಮುಟ್ಟಿತು ಅಂತಾರೆ. ಗಂಡನಿಗೆ ತಕ್ಷಣ ಅರ್ಥವಾಯಿತು. ತಾತ ಬೇರು ಕೊಡಲಿಲ್ಲ, ಮಂತ್ರ ಹಾಕಲಿಲ್ಲ, ಕೈಗೆ ಹಗ್ಗ ಬಿಗಿಯಲಿಲ್ಲ. ಮೊಮ್ಮಗನ ಗೂಡ್ಸ್ ಆಟೋ ತೆಗೆಸಿದರು. ಹಿಂದೆ ಆಕೆಯನ್ನು ಎಡ ಮಗ್ಗುಲಿಗೆ ಮಲಗಿಸಿ, ಜೊಲ್ಲು ಗಂಟಲಿಗೆ ಇಳಿಯದಂತೆ ಮುಖ ವಾಲಿಸಿ ಹಿಡ್ಕೋ ಅಂದರು. ಬಂದಾಗಿನಿಂದ ಹೊರಡುವವರೆಗೆ 15 ನಿಮಿಷ. ಉಸಿರಿನ ಮಾಂಸಖಂಡ ಸೋಲುತ್ತಿರುವವರಿಗೆ ಮಾಡಬೇಕಾದ ಮೊದಲ ಉಪಚಾರ ಇದೇ. ಆ ಬೆಳಿಗ್ಗೆ ಆಕೆಗೆ ಸರಿಯಾದ ಮೊದಲ ಚಿಕಿತ್ಸೆ ಕೊಟ್ಟವರು ಈ ತಾತ.

ಮುಂದಿನ ಎರಡೂವರೆ ಗಂಟೆ

ಹತ್ತೂ ಇಪ್ಪತ್ತೈದಕ್ಕೆ ಹತ್ತಿರದ ಒಂದು ನರ್ಸಿಂಗ್ ಹೋಮ್ ತಲುಪಿದರು. ಅಲ್ಲಿಂದಲೇ ನನಗೆ ಫೋನ್ ಬಂತು. "ಅಕ್ಕಾರ, ಐವತ್ತು ಸಾವಿರ ಅಡ್ವಾನ್ಸ್ ಕಟ್ಟು ಅಂತಾರ, ಎಲ್ಲಿಂದ ತರ್ಲ್ರಿ?" ನಾನು ಹೋಗುವಷ್ಟರಲ್ಲಿ ಆಕ್ಸಿಜನ್ ಹಾಕಿದ್ದರು. ಹಾವಿನ ಇಂಜೆಕ್ಷನ್ ಇದೆಯಾ ಅಂತ ಕೇಳಿದೆ. ಇಲ್ಲ, ತರಿಸಬೇಕು ಅಂದರು. ಇಲ್ಲ ಅನ್ನೋದನ್ನು ಹತ್ತೂ ಇಪ್ಪತ್ತೈದಕ್ಕೇ ಹೇಳಬಹುದಿತ್ತು, ಹತ್ತೂ ಐವತ್ತೈದಕ್ಕೆ ಹೇಳಿದರು. 1,800 ರೂಪಾಯಿ ಬಿಲ್. 108ಕ್ಕೆ ಫೋನ್ ಮಾಡಿದೆ, ಬೇಗ ಬಂತು, ಹನ್ನೊಂದೂ ಐದಕ್ಕೆ ಹೊರಟೆವು. ಆ ಆಂಬ್ಯುಲೆನ್ಸ್‌ನ ಹುಡುಗನನ್ನು ನಾನು ಮರೆಯಲ್ಲ. ಕೋರಮಂಗಲ ದಾಟೋ ಹೊತ್ತಿಗೆ ಆಕೆಯ ಉಸಿರು ತೇಲತೊಡಗಿತು. ಅವನು ಮೂಗು ಬಾಯಿಗೆ ಮಾಸ್ಕ್ ಒತ್ತಿ ಹಿಡಿದು ಚೀಲ ಹಿಸುಕುತ್ತಲೇ ಬಂದ, ಟ್ರಾಫಿಕ್‌ನಲ್ಲಿ ಗಾಡಿ ನಿಂತಾಗಲೂ ಕೈ ನಿಲ್ಲಿಸಲಿಲ್ಲ. ಊರ ನಡುವಿನ ದೊಡ್ಡ ಸರ್ಕಾರಿ ಆಸ್ಪತ್ರೆ ಮುಟ್ಟಿದಾಗ ಹನ್ನೆರಡೂವರೆ. ಬಾಗಿಲಲ್ಲೇ ಗಂಟಲಿಗೆ ನಳಿಕೆ ಇಳಿಸಿದರು. ಹನ್ನೆರಡೂ ಐವತ್ತಕ್ಕೆ ಪ್ರತಿವಿಷ ಶುರುವಾಯಿತು, 10 ವಯಲ್.

ಈಗ ಲೆಕ್ಕ. ಕಚ್ಚಿದ ಹೊತ್ತಿನಿಂದ ಪ್ರತಿವಿಷಕ್ಕೆ 650 ನಿಮಿಷ. ಅದರಲ್ಲಿ ಗೊತ್ತೇ ಆಗದೆ ನಿದ್ದೆಯಲ್ಲಿ ಹೋದದ್ದು 150. ಮನೆಮದ್ದಿನಲ್ಲಿ 150. ಕ್ಲಿನಿಕ್‌ನಲ್ಲಿ 135. ಶೆಡ್‌ಗೆ ಬಂದು ತಾತನ ಮನೆಗೆ ಹೋಗೋಕೆ 45. ತಾತನ ಜಗಲಿಯಲ್ಲಿ 15. ಗೂಡ್ಸ್ ಆಟೋದಲ್ಲಿ 10. ನರ್ಸಿಂಗ್ ಹೋಮ್‌ನಲ್ಲಿ 40. ರಸ್ತೆಯಲ್ಲಿ 85. ದೊಡ್ಡಾಸ್ಪತ್ರೆ ಒಳಗೆ 20. ಬೆಂಚಿನ ಮೇಲೆ ಎಲ್ಲರೂ ಬೈದದ್ದು ಆ 15 ನಿಮಿಷವನ್ನು!

ಕಟ್ಟು ಹಾವು ಯಾಕೆ ಮೋಸ ಮಾಡುತ್ತೆ

ಹಾವನ್ನು ಯಾರೂ ನೋಡಲಿಲ್ಲ. ಮೊಣಕೈ ಹಿಂದೆ ಎರಡು ಸಣ್ಣ ಚುಕ್ಕೆ ಇದ್ದವು, ಡಾಕ್ಟರ್ ಟಾರ್ಚ್ ಬಿಟ್ಟು ಹುಡುಕಿದಾಗ ಸಿಕ್ಕವು. ಲಕ್ಷಣ ನೋಡಿಯೇ ಕಟ್ಟು ಹಾವು ಅಂದರು. ಹಾವನ್ನು ಹೊಡೆದು ತರೋ ಅಗತ್ಯ ಇಲ್ಲ, ಇದನ್ನು ದಯವಿಟ್ಟು ಎಲ್ಲರಿಗೂ ಹೇಳಿ. ನಮ್ಮಲ್ಲಿ ಜೀವ ತೆಗೆಯೋ ಹಾವುಗಳಲ್ಲಿ ಮುಖ್ಯವಾದವು ನಾಲ್ಕು: ನಾಗರ, ಕಟ್ಟು ಹಾವು, ಕೊಳಕು ಮಂಡಲ, ಗರಗಸ ಮಂಡಲ. ನಾಲ್ಕಕ್ಕೂ ಒಂದೇ ಪ್ರತಿವಿಷ. ಕುದುರೆಗೆ ಸ್ವಲ್ಪ ಸ್ವಲ್ಪ ವಿಷ ಕೊಟ್ಟು, ಅದರ ರಕ್ತದಲ್ಲಿ ಹುಟ್ಟುವ ಪ್ರತಿಕಾಯದಿಂದ ಇದನ್ನು ಮಾಡುತ್ತಾರೆ. ಮಗುವಿಗೂ ದೊಡ್ಡವರಿಗೂ ಒಂದೇ ಅಳತೆ, ಯಾಕೆಂದರೆ ಹಾವು ಆಳು ನೋಡಿ ವಿಷ ಬಿಡಲ್ಲ.

ಕಟ್ಟು ಹಾವು ರಾತ್ರಿ ಓಡಾಡುವಂಥದ್ದು. ಕಪ್ಪು ಮೈ, ತೆಳ್ಳನೆ ಬಿಳಿ ಪಟ್ಟೆ. ಇಲಿ, ಹಲ್ಲಿ, ಸಣ್ಣ ಹಾವು ಹುಡುಕಿಕೊಂಡು ಮನೆಯೊಳಗೆ ಬರುತ್ತೆ, ನೆಲದ ಮೇಲೆ ಮಲಗಿದವರು ಮಗ್ಗುಲು ಬದಲಿಸಿದಾಗ ಕಚ್ಚುತ್ತೆ. ಹಲ್ಲು ಸಣ್ಣದು, ಉರಿ ಊತ ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ಕೆಲವು ಗಂಟೆ ಬಿಟ್ಟು ಹೊಟ್ಟೆನೋವು, ವಾಂತಿ. ಆಮೇಲೆ ರೆಪ್ಪೆ ಇಳಿಯುತ್ತೆ, ಮಾತು ತೊದಲುತ್ತೆ, ನುಂಗೋಕೆ ಆಗಲ್ಲ, ಕೊನೆಗೆ ಉಸಿರು. ಬುದ್ಧಿ ಮಾತ್ರ ಪೂರ್ತಿ ಎಚ್ಚರ. ಈ ಹೆಂಗಸು ಆಮೇಲೆ ನನಗೆ ಹೇಳಿದಳು, ಆಂಬ್ಯುಲೆನ್ಸ್‌ನಲ್ಲಿ ನಾವು ಆಡಿದ ಮಾತೆಲ್ಲ ಆಕೆಗೆ ಕೇಳುತ್ತಿತ್ತು. ಮಗನ ಬಗ್ಗೆ ಗಂಡ ಅಳುತ್ತಾ ಏನು ಹೇಳಿದ ಅನ್ನೋದೂ ನೆನಪಿದೆ.

ಐಸಿಯು ಡಾಕ್ಟರ್ ಇನ್ನೊಂದು ವಿಷಯ ಬಿಡಿಸಿ ಹೇಳಿದರು. ಕಟ್ಟು ಹಾವಿನ ವಿಷ ನರದ ತುದಿಯನ್ನೇ ಕೆಡಿಸುತ್ತೆ. ಪ್ರತಿವಿಷ ರಕ್ತದಲ್ಲಿ ಇನ್ನೂ ಓಡಾಡುತ್ತಿರುವ ವಿಷವನ್ನು ಹಿಡಿಯಬಲ್ಲದು, ಆಗಲೇ ಕೆಟ್ಟ ನರದ ತುದಿಯನ್ನು ಸರಿ ಮಾಡಲಾರದು. ಅದು ದೇಹವೇ ದಿನಗಟ್ಟಲೆ ತೆಗೆದುಕೊಂಡು ಸರಿ ಮಾಡಿಕೊಳ್ಳಬೇಕು. ಅಲ್ಲಿಯವರೆಗೆ ಯಂತ್ರ ಉಸಿರಾಡಿಸಬೇಕು. ಬೇಗ ಬಂದಷ್ಟೂ ಯಂತ್ರದ ದಿನ ಕಡಿಮೆ ಆಗಬಹುದು. ಈಕೆ ಆರು ದಿನ ವೆಂಟಿಲೇಟರ್‌ನಲ್ಲಿದ್ದಳು. ಹನ್ನೊಂದನೇ ದಿನ ಮನೆಗೆ ಬಂದಳು.

ಆಸ್ಪತ್ರೆಯಲ್ಲಿ ಪ್ರತಿವಿಷಕ್ಕೆ ದುಡ್ಡು ತೆಗೆದುಕೊಳ್ಳಲಿಲ್ಲ. ಆದರೂ ಇಬ್ಬರ ಮೂರು ವಾರದ ಕೂಲಿ ಹೋಯಿತು, ಓಡಾಟ, ಊಟ, ಹೊರಗಿನಿಂದ ತಂದ ಕೆಲವು ಔಷಧಿ ಸೇರಿ ಮೇಸ್ತ್ರಿ ಹತ್ತಿರ 15,000 ಸಾಲ. ಆಸ್ಪತ್ರೆಯಲ್ಲಿ ಕೇಳಿದ ರೇಷನ್ ಕಾರ್ಡ್ ಊರಲ್ಲಿ ಅತ್ತೆಯ ಪೆಟ್ಟಿಗೆಯಲ್ಲಿತ್ತು, ಫೋಟೋ ತರಿಸೋಕೆ ಎರಡು ದಿನ ಹಿಡಿಯಿತು.

ತಾತನ ಜೊತೆ ಮತ್ತೆ

ಆಕೆ ಬಿಡುಗಡೆ ಆದ ವಾರ ನಾನು ತಾತನ ಮನೆಗೆ ಹೋದೆ. ಬೈಯೋಕೆ ಅಲ್ಲ, ಕಲಿಯೋಕೆ. ನಿಮಗೆ ಹೇಗೆ ಗೊತ್ತಾಯಿತು ತಾತ ಅಂದೆ. ಅವರ ಅಪ್ಪ ಹಾಕಿಕೊಟ್ಟ ಕಟ್ಟಳೆಯಂತೆ. ರೆಪ್ಪೆ ಇಳಿದವರನ್ನು ಜಗಲಿ ಮೇಲೆ ಇಟ್ಕೋಬೇಡ, ಊತ ಬಂದವರನ್ನು ನೋಡಬಹುದು. ಊತಕ್ಕೆ ಏನು ಕೊಡ್ತೀರಿ ಅಂದರೆ ಈಶ್ವರಿ ಬೇರು ತೇಯ್ದು ಕುಡಿಸೋದು, ಉಳಿದದ್ದು ಹಚ್ಚೋದು.

ಇಲ್ಲಿ ನನಗೆ ಗಟ್ಟಿಯಾಗಿ ಹೇಳಬೇಕಾಯಿತು. ಊತ ಬಂದದ್ದು ಕೊಳಕು ಮಂಡಲ ಇರಬಹುದು. ಅದರ ವಿಷಕ್ಕೆ ರಕ್ತ ಹೆಪ್ಪುಗಟ್ಟೋದೇ ನಿಂತು ಹೋಗುತ್ತೆ, ವಸಡಿನಲ್ಲಿ, ಮೂತ್ರದಲ್ಲಿ ರಕ್ತ ಬರುತ್ತೆ, ಕಿಡ್ನಿ ಕೈ ಕೊಡುತ್ತೆ. ಆಸ್ಪತ್ರೆಯಲ್ಲಿ ಗಾಜಿನ ಟ್ಯೂಬ್‌ಗೆ ಸ್ವಲ್ಪ ರಕ್ತ ಹಾಕಿ 20 ನಿಮಿಷ ಅಲ್ಲಾಡಿಸದೆ ಇಟ್ಟು ವಾಲಿಸಿ ನೋಡುತ್ತಾರೆ, ನೀರಿನ ಹಾಗೆ ಹರಿದರೆ ಪ್ರತಿವಿಷ ಕೊಡುತ್ತಾರೆ. ಈಶ್ವರಿ ಬೇರು ಆ ವಿಷವನ್ನು ತಡೆಯಲ್ಲ, ಅದರಲ್ಲಿರುವ ಅರಿಸ್ಟೊಲೋಕಿಕ್ ಆಮ್ಲ ತಾನೇ ಕಿಡ್ನಿ ಹಾಳು ಮಾಡುವಂಥದ್ದು. ತಾತ ಸುಮ್ಮನೆ ಕೇಳಿದರು. ಆಮೇಲೆ, "ನಾನು ಕೊಟ್ಟು ಎಷ್ಟು ಜನ ಉಳಿದವ್ರೆ ಗೊತ್ತಾ" ಅಂದರು. ಅದೂ ಸುಳ್ಳಲ್ಲ. ಕೇರೆ ಹಾವು ಕಚ್ಚಿದವರು, ವಿಷದ ಹಾವು ಕಚ್ಚಿಯೂ ವಿಷ ಬಿಡದೆ ಹೋದವರು, ಇವರೆಲ್ಲ ಏನು ಕೊಟ್ಟರೂ ಉಳಿಯುತ್ತಾರೆ, ಏನೂ ಕೊಡದಿದ್ದರೂ ಉಳಿಯುತ್ತಾರೆ. ಇದನ್ನು ಹೇಳೋವಾಗ ನನಗೆ ಕಷ್ಟವಾಯಿತು. ಅವರ ಮುಖ ಬಾಡಿತು.

ನಾಟಿ ಮದ್ದೆಲ್ಲ ಸುಳ್ಳು ಅನ್ನೋದು ನನ್ನ ಮಾತಲ್ಲ. ಸರ್ಪಗಂಧದ ಬೇರನ್ನು ನಮ್ಮವರು ಎಷ್ಟೋ ಕಾಲದಿಂದ ಬಳಸಿದ್ದಾರೆ. 1949ರಲ್ಲಿ ಮುಂಬೈನ ಡಾಕ್ಟರ್ ರುಸ್ತುಮ್ ಜಾಲ್ ವಕೀಲ್ ಅದು ರಕ್ತದೊತ್ತಡ ಇಳಿಸುತ್ತೆ ಅಂತ ಬರೆದ ಮೇಲೆ ಲೋಕವೇ ಅದರ ಕಡೆ ತಿರುಗಿತು. 1952ರಲ್ಲಿ ಅದರಿಂದ ರೆಸರ್ಪಿನ್ ಅನ್ನೋ ಔಷಧದ ಅಂಶ ಬೇರ್ಪಡಿಸಿದರು. ಹೆಸರಲ್ಲಿ ಸರ್ಪ ಇದ್ದರೂ ಹಾವಿನ ವಿಷಕ್ಕೆ ಆಗಲಿಲ್ಲ, ಬಿ.ಪಿ.ಗೆ ಆಯಿತು. ಯಾವುದು ಯಾವುದಕ್ಕೆ ಆಗುತ್ತೆ ಅಂತ ಪರೀಕ್ಷೆ ಮಾಡಿ ನೋಡಿದಾಗ ತಾನೇ ತಿಳಿಯೋದು. ಪಾವಗಡ ಕಡೆಯ ಸೂಲಗಿತ್ತಿ ನರಸಮ್ಮನವರಿಗೆ 2018ರಲ್ಲಿ ಪದ್ಮಶ್ರೀ ಬಂದಾಗ ನಾವೆಲ್ಲ ಹೆಮ್ಮೆಪಟ್ಟೆವು. ಅಂಥ ಕೈಗಳ ಅನುಭವ ನಮಗೆ ಬೇಕು. ಆದರೆ ಹಾವಿನ ವಿಷ ದೇಹ ಸೇರಿದ ಮೇಲೆ ಪ್ರತಿವಿಷ ಬಿಟ್ಟು ಬೇರೆ ಮದ್ದಿಲ್ಲ. ಇದರಲ್ಲಿ ನಾನು ಒಂದು ಹೆಜ್ಜೆಯೂ ಹಿಂದೆ ಸರಿಯಲ್ಲ.

ಸ್ವಲ್ಪ ಹೊತ್ತು ಬಿಟ್ಟು ತಾತ ಕೇಳಿದರು, "ಎಲ್ರನ್ನೂ ಕಳಿಸಿಬಿಟ್ರೆ ನನ್ನ ಹತ್ರ ಯಾರು ಬತ್ತಾರೆ ತಾಯಿ?" ತಲೆಮಾರಿನಿಂದ ಬಂದ ಮರ್ಯಾದೆಯ ಪ್ರಶ್ನೆ ಅದು. ಬರ್ತಾರೆ ತಾತ, ಯಾಕಂದ್ರೆ ಈ ಶೆಡ್‌ಗಳಲ್ಲಿ ಆ ಹೆಂಗಸನ್ನು ಉಳಿಸಿದ್ದು ನೀವು ಅಂತ ನಾನು ಎಲ್ಲ ಕಡೆ ಹೇಳ್ತಿದ್ದೀನಿ ಅಂದೆ. ನಿಜಕ್ಕೂ ಹೇಳುತ್ತಿದ್ದೆ. ಅವರ ಗೋಡೆ ಮೇಲೆ ಈಗ ಇದ್ದಿಲಲ್ಲಿ 108, ಅದರ ಕೆಳಗೆ ನನ್ನ ನಂಬರ್ ಇದೆ. ಆಮೇಲಿಂದ ಮೂರು ಸಲ ಫೋನ್ ಮಾಡಿದ್ದಾರೆ. ಮೂವರನ್ನೂ ನೇರ ಆಸ್ಪತ್ರೆಗೆ ಕಳಿಸಿದರು. ಒಬ್ಬರಿಗೆ ಕಾಲು ಊದಿತ್ತು, ಈಶ್ವರಿ ಬೇರು ಕೊಟ್ಟಿರಲಿಲ್ಲ.

ಶೆಡ್‌ನಲ್ಲಿ ಏನು ಬದಲಾಯಿತು

ನಾನು ಆ ಶೆಡ್‌ಗಳಲ್ಲಿ ಡೆಂಗಿ ಬಗ್ಗೆ ನಾಲ್ಕು ಸಲ ಮಾತಾಡಿದ್ದೆ. ಹಾವಿನ ಬಗ್ಗೆ ಒಂದು ಸಲವೂ ಇಲ್ಲ. 2000ದಿಂದ 2019ರವರೆಗೆ ನಮ್ಮ ದೇಶದಲ್ಲಿ ವರ್ಷಕ್ಕೆ ಸರಾಸರಿ 58,000 ಜನ ಹಾವು ಕಡಿತದಿಂದ ಸತ್ತಿದ್ದಾರೆ ಅನ್ನೋದು ಸಂಶೋಧಕರ ಅಂದಾಜು, ಅರ್ಧದಷ್ಟು ಸಾವು ಮಳೆಗಾಲದಲ್ಲೇ. ಕರ್ನಾಟಕ 2024ರ ಫೆಬ್ರವರಿಯಲ್ಲಿ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಪಟ್ಟಿಗೆ ಸೇರಿಸಿತು. ಇಷ್ಟೆಲ್ಲ ಓದಿದ್ದು ಆಕೆ ಐಸಿಯುನಲ್ಲಿದ್ದಾಗ. ಮೊದಲೇ ಓದಬೇಕಿತ್ತು.

ಈಗ ಸೊಳ್ಳೆ ಪರದೆ ಕೊಡುವಾಗ ಅಂಚನ್ನು ಹಾಸಿಗೆ ಕೆಳಗೆ ಸುತ್ತಲೂ ಸಿಕ್ಕಿಸಿ ಅಂತ ಮಾಡಿ ತೋರಿಸುತ್ತೇನೆ. ಸೊಳ್ಳೆಗೆ ಎಷ್ಟು ಮುಖ್ಯವೋ ಕಟ್ಟು ಹಾವಿಗೂ ಅಷ್ಟೇ. ಗಂಡಸರು ಹಾಲೋ ಬ್ಲಾಕ್ ಮೇಲೆ ಹಳೇ ಸೆಂಟ್ರಿಂಗ್ ಹಲಗೆ ಜೋಡಿಸಿ ಮಂಚ ಮಾಡಿಕೊಂಡಿದ್ದಾರೆ. ಶೆಡ್‌ಗೆ ಒತ್ತಿ ಇದ್ದ ಹಲಗೆ ರಾಶಿ ದೂರ ಹೋಯಿತು. ಕ್ಲಿನಿಕ್‌ಗೂ ಹೋಗಿ ಮಾತಾಡಿದೆ, ಮೊದಲು ಸಿಟ್ಟಾದರು, ಆಮೇಲೆ ಕೂರಿಸಿ ಕೇಳಿಸಿಕೊಂಡರು. ಮಳೆಗಾಲ, ಬೆಳಗಿನ ಜಾವದ ಹೊಟ್ಟೆನೋವು, ನೆಲದ ಮೇಲೆ ಮಲಗಿದವರು, ಈ ಮೂರೂ ಸೇರಿದರೆ ರೆಪ್ಪೆ ನೋಡಿ ಅಂತ ಬರೆದ ಚೀಟಿಯನ್ನು ಅವರ ಮೇಜಿನ ಗಾಜಿನ ಕೆಳಗೆ ಇಡಿಸಿದ್ದೇನೆ.

ಬಾಕಿ ಇರೋದು ಒಂದು ದೊಡ್ಡ ಕೆಲಸ. ಆ ದಿನ ಹತ್ತೂ ಇಪ್ಪತ್ತೈದಕ್ಕೆ ಪ್ರತಿವಿಷವೂ ವೆಂಟಿಲೇಟರ್ರೂ ಎರಡೂ ಇರುವ ಹತ್ತಿರದ ಜಾಗ ಯಾವುದು ಅಂತ ನಮಗ್ಯಾರಿಗೂ ಗೊತ್ತಿರಲಿಲ್ಲ. ಈಗ ಸುತ್ತಲಿನ ಆಸ್ಪತ್ರೆಗಳಿಗೆಲ್ಲ ತಿಂಗಳಿಗೊಮ್ಮೆ ಫೋನ್ ಮಾಡಿ ಎಷ್ಟು ವಯಲ್ ಇದೆ ಅಂತ ಕೇಳಿ ಪಟ್ಟಿ ಬರೆಯುತ್ತೇನೆ. ಕೆಲವರು ಹೇಳುತ್ತಾರೆ, ಕೆಲವರು ನೀವ್ಯಾರು ಅಂತಾರೆ. ಪಟ್ಟಿಯ ಒಂದು ಪ್ರತಿ ಶೆಡ್‌ನ ನೀರಿನ ಟ್ಯಾಂಕ್ ಹತ್ತಿರ, ಒಂದು ಮೇಸ್ತ್ರಿ ಫೋನ್‌ನಲ್ಲಿ, ಒಂದು ತಾತನ ಜಗಲಿಯ ಕಂಬದ ಮೇಲೆ. ಆ ಹೆಂಗಸು ದೀಪಾವಳಿಗೆ ಊರಿಗೆ ಹೋದವಳು ಸಂಕ್ರಾಂತಿ ಕಳೆದ ಮೇಲೆ ವಾಪಸ್ ಬಂದಿದ್ದಾಳೆ. ಈ ತಿಂಗಳ ಪಟ್ಟಿಯನ್ನು ಟ್ಯಾಂಕ್ ಹತ್ತಿರ ಅಂಟಿಸಿದ್ದು ಅವಳೇ.